ಶಾಲೆ ಬೀಗದ ಕೀ ಯಾರ ಹತ್ರ ಇರ್ಬೇಕು?

ನಮ್ ಕಡೆ ಸರ್ಕಾರಿ ಶಾಲೆ ಅಂದ್ರೆ ಬರೀ ಮಕ್ಕಳು ಪಾಠ ಕಲಿಯೋ ಜಾಗ ಅಂತ ಯಾವತ್ತೂ ಇರ್ಲಿಲ್ಲ ಬಿಡಿ. ಎಲೆಕ್ಷನ್ ಬಂದ್ರೆ ಅದೇ ಮತಗಟ್ಟೆ, ಪೋಲಿಯೋ ಭಾನುವಾರ ಅದೇ ಬೂತ್, ಹೊಳೆ ಏರಿದ್ರೆ ಅದೇ ಗಂಜಿ ಕೇಂದ್ರ, ಕರಾವಳಿ ಕಡೆ ಹೋದ್ರೆ ರಾತ್ರಿ ಯಕ್ಷಗಾನದ ಆಟಾನೂ ಎಷ್ಟೋ ಸಲ ಅದೇ ಮೈದಾನದಲ್ಲಿ. 2019ರ ಆಗಸ್ಟಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೇ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಕಡೆ ಊರಿಗೂರೇ ಶಾಲೆ ರೂಮುಗಳಲ್ಲಿ ಮಲಗಿತ್ತು, ಅದಕ್ಕೂ ಒಂದು ವರ್ಷ ಮುಂಚೆ ಕೊಡಗಲ್ಲಿ ಗುಡ್ಡ ಕುಸಿದಾಗ್ಲೂ ಅಷ್ಟೇ, 2020ರ ಮೇ ತಿಂಗಳಲ್ಲಿ ಮುಂಬೈ ಪುಣೆ ಕಡೆಯಿಂದ ವಾಪಸ್ ಬಂದ ಕೂಲಿಯವರನ್ನ ಕ್ವಾರಂಟೈನ್ ಅಂತ ಇಟ್ಟಿದ್ದೂ ಬಹಳ ಕಡೆ ಶಾಲೆ-ಹಾಸ್ಟೆಲ್‌ಗಳಲ್ಲೇ. ಅದೇ ವರ್ಷ ಆಗಸ್ಟಲ್ಲಿ ಕೊರೊನಾ ಹೊತ್ತಲ್ಲಿ ಊರೊಳಗೇ ಪಾಠ ಮಾಡೋ ವಿದ್ಯಾಗಮ ಶುರುವಾದಾಗ ಉಲ್ಟಾ ಆಯ್ತು, ಶಾಲೆನೇ ಊರೊಳಗೆ ಹೋಗಿ ಗುಡಿ ಜಗುಲಿ, ಸಮುದಾಯ ಭವನ, ಅರಳಿಕಟ್ಟೆ ಮೇಲೆ ಕೂತ್ಕೊಳ್ತು.

ಹಾಗಾಗಿ 'ಶಾಲೆಯನ್ನ ಊರಿನ ಸೇವಾ ಕೇಂದ್ರ ಮಾಡೋಣ' ಅಂತ ಯಾರಾದ್ರೂ ಪ್ರೆಸೆಂಟೇಶನ್ ಇಟ್ಕೊಂಡು ಬಂದ್ರೆ ಹೊಸ ವಿಷಯ ಏನೂ ಅಲ್ಲ, ಅದು ಆಗ್ಲೇ ಆಗಿದೆ. ಆದ್ರೆ ಆಗಿರೋದೆಲ್ಲ ತುರ್ತಿಗೆ, ಆದೇಶ ಬಂದಾಗ, ಒಂದು ದಿನಕ್ಕೋ ಒಂದು ವಾರಕ್ಕೋ. ಬೆಂಚು ಹೊರಗೆ ಎತ್ತಿ ಹಾಕಿದ್ರು, ಕೆಲಸ ಮುಗೀತು, ಹೋದ್ರು, ಮಾರನೇ ದಿನ ಹೆಡ್‌ಮಾಸ್ಟ್ರು ಬಂದು ಗೋಡೆ ಮೇಲಿನ ಸ್ಟಿಕ್ಕರ್ ಕೆರೀತಾ ಕೂತ್ರು. ವರ್ಷಪೂರ್ತಿ, ಪ್ಲಾನ್ ಮಾಡಿ, ಮಕ್ಕಳಿಗೂ ಲಾಭ ಆಗೋ ಥರ ಒಂದೇ ಆವರಣವನ್ನ ಹಂಚ್ಕೊಳ್ಳೋದು ಬೇರೇನೇ ವಿಷಯ, ಅದು ಕೇಳೋಕೆ ಸುಲಭ, ಆದ್ರೆ ಒಳಗೆ ಹೋದ್ರೆ ಸಾಕಷ್ಟು ಗಂಟುಗಳಿವೆ. ಅದನ್ನ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಮೊದ್ಲು ಒಂದು ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ಕ್ಲಾಸಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೀಬೇಕು. ದಿನಕ್ಕೆ ಆರೂವರೆ ಗಂಟೆ ಅಂತ ಹಿಡ್ಕೊಂಡ್ರೂ 220 ದಿನಕ್ಕೆ 1,430 ಗಂಟೆ. ಜನ ಎದ್ದಿರೋ ಹೊತ್ತು ದಿನಕ್ಕೆ 16 ಗಂಟೆ ಅಂದ್ರೆ ವರ್ಷಕ್ಕೆ 5,840. ಅಂದ್ರೆ ಊರಲ್ಲಿ ಸಾರ್ವಜನಿಕ ದುಡ್ಡಲ್ಲಿ ಕಟ್ಟಿರೋ ದೊಡ್ಡ ಕಟ್ಟಡ, ಅದರ ಮೈದಾನ, ಅದರ ನೀರಿನ ಟ್ಯಾಂಕು, ಎದ್ದಿರೋ ಹೊತ್ತಲ್ಲೂ ಮುಕ್ಕಾಲು ಪಾಲು ಬೀಗ ಹಾಕ್ಕೊಂಡೇ ಇರುತ್ತೆ. ಆ ಕಡೆ ಅದೇ ಊರಲ್ಲಿ ಅಂಗನವಾಡಿ ಬಾಡಿಗೆ ಮನೇಲಿ, ಲೈಬ್ರರಿ ಪಂಚಾಯ್ತಿ ಹಿಂದಿನ ಒಂದು ಕಿರುಕೋಣೇಲಿ, ಸ್ತ್ರೀಶಕ್ತಿ ಸಂಘದ ಮೀಟಿಂಗ್ ಯಾರದ್ದೋ ಪಡಸಾಲೇಲಿ. ಕರ್ನಾಟಕದಲ್ಲಿ ಸರ್ಕಾರಿ ಶಾಲೆಗಳು 45 ಸಾವಿರದ ಮೇಲಿವೆ, ಗ್ರಾಮ ಪಂಚಾಯ್ತಿಗಳು 6 ಸಾವಿರದ ಹತ್ತಿರ, ಅಂದ್ರೆ ಪಂಚಾಯ್ತಿ ಆಫೀಸಿಲ್ಲದ ಹಳ್ಳೀಲೂ ಶಾಲೆ ಇರುತ್ತೆ. ಜನಕ್ಕೆ ನಡ್ಕೊಂಡ್ ಹೋಗೋ ದೂರದಲ್ಲಿರೋ ಸರ್ಕಾರಿ ಜಾಗ ಅಂದ್ರೆ ಬಹಳ ಕಡೆ ಶಾಲೆ, ಅಂಗನವಾಡಿ ಎರಡೇ.

ಈ ಲೆಕ್ಕವನ್ನ ನೂರು ವರ್ಷದ ಹಿಂದೇನೇ ಒಬ್ಬರು ಹಾಕಿದ್ರು, ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್ ಕೌಂಟಿಯ ಶಿಕ್ಷಣ ಕಾರ್ಯದರ್ಶಿ ಹೆನ್ರಿ ಮೋರಿಸ್. ಯೂನಿವರ್ಸಿಟಿ ಹೆಸರು ಕೇಳಿ ಶ್ರೀಮಂತ ಜಾಗ ಅನ್ಕೋಬೇಡಿ, ಆಗ ಅದು ಬಡ ಕೃಷಿ ಜಿಲ್ಲೆ, ಹುಡುಗ್ರು ಹಳ್ಳಿ ಬಿಟ್ಟು ಪಟ್ಟಣಕ್ಕೆ ಓಡ್ತಿದ್ರು. 1924ರಲ್ಲಿ ಅವರು ಒಂದು ಟಿಪ್ಪಣಿ ಬರೆದ್ರು. ಅದರ ತಿರುಳು ಇಷ್ಟೇ: ಪ್ರತಿ ಹಳ್ಳಿಗೆ ಬೇರೆ ಬೇರೆ ಶಾಲೆ, ಬೇರೆ ಹಾಲ್, ಬೇರೆ ಲೈಬ್ರರಿ, ದೊಡ್ಡವರ ಕಲಿಕೆಗೆ ಬೇರೆ ಕಟ್ಟಡ ಅಂತ ಕಟ್ಟೋಕೆ ದುಡ್ಡಿಲ್ಲ, ಆದ್ರೆ ಒಂದಷ್ಟು ಹಳ್ಳಿ ಸೇರಿಸಿ ಎಲ್ಲವನ್ನೂ ಒಂದೇ ಆವರಣದಲ್ಲಿ ಕಟ್ಟಿದ್ರೆ ಬಡ ಜಿಲ್ಲೆಗೂ ಚೆನ್ನಾಗಿರೋದು ಸಿಗುತ್ತೆ. 1930ರಲ್ಲಿ ಸಾಸ್ಟನ್ ಅನ್ನೋ ಊರಲ್ಲಿ ಮೊದಲನೇ 'ವಿಲೇಜ್ ಕಾಲೇಜ್' ತೆರೀತು, ಹಗಲು ಮಕ್ಕಳಿಗೆ, ಸಂಜೆ ಅವರಪ್ಪ-ಅಮ್ಮಂದಿರಿಗೆ. 1939ರ ಇಂಪಿಂಗ್ಟನ್ ಕಾಲೇಜಿನ ಕಟ್ಟಡಕ್ಕಂತೂ ಜರ್ಮನಿಯ ಹೆಸರಾಂತ ಆರ್ಕಿಟೆಕ್ಟ್ ವಾಲ್ಟರ್ ಗ್ರೋಪಿಯಸ್‌ರನ್ನೇ ಹಿಡಿದು ತಂದ್ರು, ಮ್ಯಾಕ್ಸ್‌ವೆಲ್ ಫ್ರೈ ಜೊತೆ. ಹಳ್ಳಿ ಶಾಲೆಗೆ! ನಮ್ಮಲ್ಲಿ ಎಲ್ಲಾ ಕಡೆ ಒಂದೇ ಟೈಪ್ ಡಿಸೈನಿನ ಎರಡು ರೂಮ್ ಎತ್ತೋರು ಇದನ್ನ ಒಂದ್ಸಲ ನೋಡ್ಬೇಕು ಅನ್ಸುತ್ತೆ.

ಆದ್ರೆ ಮೋರಿಸ್ ಮಾಡಿದ್ದರಲ್ಲಿ ನನಗೆ ಮುಖ್ಯ ಅನ್ಸೋದು ಕಟ್ಟಡ ಅಲ್ಲ. ಅಲ್ಲಿನ ಮುಖ್ಯಸ್ಥರಿಗೆ ಹೆಡ್‌ಮಾಸ್ಟರ್ ಅಂತ ಹೆಸರಿಡ್ಲಿಲ್ಲ, ವಾರ್ಡನ್ ಅಂತ ಇಟ್ರು, ಯಾಕಂದ್ರೆ ಅವರ ಜವಾಬ್ದಾರಿ ಮಕ್ಕಳಷ್ಟೇ ಅಲ್ಲ, ಸಂಜೆ ಬರೋ ಊರವರೂ ಅವರ ಕೆಲಸದ ಭಾಗವೇ. ಅಂದ್ರೆ ಸಂಜೆಯ ಹೊರೆ ಮೇಷ್ಟ್ರ ತಲೆ ಮೇಲೆ 'ಹೆಚ್ಚುವರಿ ಪ್ರಭಾರ' ಅಂತ ಬೀಳ್ಲಿಲ್ಲ, ಶುರುವಿಂದ್ಲೇ ಅದಕ್ಕೊಂದು ಹುದ್ದೆ, ಅದಕ್ಕೊಂದು ಸಂಬಳ ಇತ್ತು.

ಅಮೆರಿಕದ ಫ್ಲಿಂಟ್‌ನಲ್ಲಿ 1935ರಲ್ಲಿ ಆಗಿದ್ದು ಇನ್ನೂ ಸರಳ. ಅಲ್ಲಿ ಹೊಸ ಕಟ್ಟಡವೇ ಇಲ್ಲ. ಫ್ರ್ಯಾಂಕ್ ಮ್ಯಾನ್ಲಿ ಅನ್ನೋ ವ್ಯಾಯಾಮ ಶಿಕ್ಷಣದ ಮೇಲ್ವಿಚಾರಕರು ಮಕ್ಕಳು ಬೀದೀಲಿ ಆಡ್ತಿರೋವಾಗ ಶಾಲೆ ಜಿಮ್ಮುಗಳಿಗೆ ಬೀಗ ಯಾಕೆ ಅಂತ ಕೇಳಿದ್ರು, ಕಾರು ಉದ್ಯಮಿ ಚಾರ್ಲ್ಸ್ ಸ್ಟೂವರ್ಟ್ ಮಾಟ್ ಅವರ ಫೌಂಡೇಶನ್ ದುಡ್ಡು ಕೊಡ್ತು, ಶಾಲೆಗಳು ಸಂಜೆ ಹೊತ್ತೂ ತೆರೆದ್ವು. ಶುರುವಾಗಿದ್ದು ಆಟದಿಂದ, ಆಮೇಲೆ ಹೆಲ್ತ್, ದೊಡ್ಡವರ ಕ್ಲಾಸ್ ಅಂತ ಬೆಳೀತಾ ಹೋಯ್ತು.

ನಮ್ಮಲ್ಲಿ ಇದರ ಮಾತು ಕಾಗದದ ಮೇಲೆ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲೆ ಅವಧಿ ಮುಗಿದ್ಮೇಲೆ ಖಾಲಿ ಇರೋ ಕಟ್ಟಡವನ್ನ ಊರಿನ ಚಟುವಟಿಕೆಗೆ ಬಳಸ್ಬಹುದು ಅನ್ನುತ್ತೆ, 'ಸಾಮಾಜಿಕ ಚೇತನಾ ಕೇಂದ್ರ' ಅಂತ ಹೆಸರೂ ಇಟ್ಟಿದೆ. ಹೆಸರಿಡೋದ್ರಲ್ಲಿ ನಾವು ಯಾವತ್ತೂ ಹಿಂದೆ ಬಿದ್ದಿಲ್ಲ. ಕೀ ಯಾರ ಹತ್ರ, ಕಸ ಯಾರು ಗುಡಿಸ್ತಾರೆ ಅನ್ನೋದು ಹೆಸರಲ್ಲಿ ಬರಲ್ಲ ಅಷ್ಟೇ.

ಇನ್ನು ಯಾವ ಸೇವೆ ಶಾಲೆ ಜೊತೆ ಹೊಂದುತ್ತೆ, ಯಾವುದು ಹೊಂದಲ್ಲ ಅಂತ ನೋಡೋಣ. ನನ್ನ ಪ್ರಕಾರ ಮೊದಲ ಜಾಗ ಲೈಬ್ರರಿಗೆ. ಕರ್ನಾಟಕದಲ್ಲಿ 5 ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಲೈಬ್ರರಿಗಳಿವೆ, ಈಗ ಅವಕ್ಕೆ ಅರಿವು ಕೇಂದ್ರ ಅಂತಾರೆ, 2020ರಲ್ಲಿ 'ಓದುವ ಬೆಳಕು' ಅಂತ ಮಕ್ಕಳಿಗೆ ಫ್ರೀ ಮೆಂಬರ್‌ಶಿಪ್ ಕೊಟ್ಮೇಲೆ ಮಕ್ಕಳು ಅಲ್ಲಿಗೆ ಬರೋದೂ ಜಾಸ್ತಿ ಆಯ್ತು. ಅಲ್ಲಿ ಒಬ್ಬರು ಮೇಲ್ವಿಚಾರಕರು ಇರ್ತಾರೆ, ಅಂದ್ರೆ ಬಾಗ್ಲು ತೆಗೆಯೋಕೆ, ಹಾಕೋಕೆ ಗೌರವಧನ ತಗೊಳ್ಳೋ ಒಂದು ಜೀವ ಆಗ್ಲೇ ಇದೆ, ಇದೇ ದೊಡ್ಡ ಅನುಕೂಲ. ಶಾಲೆ ಕಾಂಪೌಂಡಿನ ಅಂಚಲ್ಲಿ ರಸ್ತೆ ಕಡೆಗೊಂದು ಬಾಗ್ಲು, ಶಾಲೆ ಕಡೆಗೊಂದು ಬಾಗ್ಲು ಇರೋ ರೂಮಲ್ಲಿ ಈ ಲೈಬ್ರರಿ ಇದ್ರೆ ಹಗಲು ಮಕ್ಕಳು ಆ ಕಡೆಯಿಂದ, ಸಂಜೆ ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದೋ ಹುಡುಗ್ರು ಈ ಕಡೆಯಿಂದ. ಶಾಲೆಗೆ ಪ್ರತ್ಯೇಕ ಪುಸ್ತಕ ತರಿಸಿ ಬೀರುವಲ್ಲಿ ಬೀಗ ಹಾಕಿಡೋದೂ ತಪ್ಪುತ್ತೆ.

ಎರಡನೇದು ಅಂಗನವಾಡಿ, ಇಲ್ಲೇ ಕಥೆ ಜಟಿಲ ಆಗೋದು. ಎಷ್ಟೋ ಅಂಗನವಾಡಿಗಳು ಶಾಲೆ ಆವರಣದಲ್ಲೇ ಇವೆ, ಮೂರು ವರ್ಷದ ಮಗು ಅದೇ ಗೇಟಲ್ಲಿ ಬಂದು ಆರನೇ ವರ್ಷಕ್ಕೆ ಪಕ್ಕದ ರೂಮಿಗೆ ದಾಟುತ್ತೆ, ಅಳೋದಿಲ್ಲ, ಶಾಲೆ ಬಿಡೋದಿಲ್ಲ, ಅಕ್ಕ ತಮ್ಮನ್ನ ಕರ್ಕೊಂಡ್ ಬರ್ತಾಳೆ. 2025ರಲ್ಲಿ ಕೇಂದ್ರ ಸರ್ಕಾರ ಕೂಡ ಅಂಗನವಾಡಿ-ಶಾಲೆ ಒಂದೇ ಕಡೆ ಇರ್ಲಿ ಅಂತ ಮಾರ್ಗಸೂಚಿ ತಂತು. ಆದ್ರೆ ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆದು, ಶಾಲೆ ಶಿಕ್ಷಣ ಇಲಾಖೆದು. ಹಾಗಾಗಿ ಒಂದೇ ಕಾಂಪೌಂಡಲ್ಲಿ ಎರಡು ಅಡುಗೆಮನೆ, ಎರಡು ಅಕ್ಕಿ ಚೀಲದ ಲೆಕ್ಕ, ಎರಡು ಹಾಜರಿ ಪುಸ್ತಕ, ಇಬ್ಬರು ಮೇಲಧಿಕಾರಿಗಳು. ಜಾಗ ಹಂಚ್ಕೊಂಡ ತಕ್ಷಣ ವ್ಯವಸ್ಥೆ ಒಂದಾಗಲ್ಲ. ಇನ್ನೊಂದು ಭಯಾನೂ ಇದೆ, ಪಕ್ಕದ ರೂಮಿಗೆ ಹೋದ್ರೆ ನಮ್ಮನ್ನೇ ನುಂಗ್ಬಿಡ್ತಾರಾ ಅನ್ನೋದು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ-ಯುಕೆಜಿ ಶುರು ಮಾಡೋಕೆ ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದ್ರು, ನಮ್ಮ ಮಕ್ಕಳೆಲ್ಲ ಅಲ್ಲಿಗೆ ಹೋದ್ರೆ ನಮ್ಮ ಕೇಂದ್ರ ಮುಚ್ಚೋದೇ ಅಂತ. ಅವರ ಆತಂಕ ಸುಮ್ನೆ ಅಲ್ಲ. ಹಂಚ್ಕೊಳ್ಳೋದು ಅಂತ ಶುರುವಾಗಿ ಒಬ್ಬರ ಕೆಲಸ ಇನ್ನೊಬ್ಬರು ತಗೊಳ್ಳೋದ್ರಲ್ಲಿ ಮುಗಿಯೋ ಕಥೆಗಳು ಸರ್ಕಾರದಲ್ಲಿ ಬೇಕಾದಷ್ಟಿವೆ, ಅದಕ್ಕೇ ಯಾರ ಹುದ್ದೆ ಏನಾಗುತ್ತೆ ಅನ್ನೋದನ್ನ ಮೊದಲೇ ಬರೆದು ಕೊಡದೆ 'ಒಟ್ಟಿಗಿರಿ' ಅಂದ್ರೆ ಯಾರೂ ಒಪ್ಪಲ್ಲ.

ಆರೋಗ್ಯದ ವಿಷಯದಲ್ಲಿ ಅರ್ಧ ಹೌದು ಅರ್ಧ ಅಲ್ಲ. ಜಂತುಹುಳು ಮಾತ್ರೆ ದಿನ, ಕಬ್ಬಿಣಾಂಶದ ಮಾತ್ರೆ, ಆರ್‌ಬಿಎಸ್‌ಕೆ ಅನ್ನೋ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯ ತಂಡದ ಡಾಕ್ಟ್ರು ಬಂದು ಕಣ್ಣು ಹಲ್ಲು ಹೃದಯ ನೋಡೋದು, ಇವೆಲ್ಲ ಆಗ್ಲೇ ಶಾಲೇಲೇ ಆಗ್ತಿದೆ. ಅದೇ ತಂಡ ಬಂದ ದಿನ ಸಂಜೆ ನಾಲ್ಕೂವರೆ ಮೇಲೆ ಊರ ಹಿರಿಯರ ಬಿಪಿ ಶುಗರ್ ಕೂಡ ಅಲ್ಲೇ ನೋಡಿದ್ರೆ ಏನೂ ನಷ್ಟ ಇಲ್ಲ. ಆದ್ರೆ ಜ್ವರ ಕೆಮ್ಮು ಇರೋರು ದಿನಾ ಬರೋ ಕ್ಲಿನಿಕ್ಕನ್ನ ಮಕ್ಕಳ ಕಾರಿಡಾರಿಗೆ ತಂದು ಇಡೋದು ಬುದ್ಧಿವಂತಿಕೆ ಅಲ್ಲ. ರೇಷನ್ ಅಂಗಡಿನೂ ಬೇಡ ಅಂತೀನಿ. ಚೀಲ, ಇಲಿ, ಲಾರಿ, ಬೆಳಗ್ಗೆ ಬೆಳಗ್ಗೆ ಸರ್ವರ್ ಇಲ್ಲ ಅಂತ ಜಗಳ, ಅದು ಶಾಲೆ ಗೇಟಲ್ಲಿ ಆಗೋದು ಬೇಡ. ಗ್ರಾಮ ಒನ್ ಥರದ ಅರ್ಜಿ ಹಾಕೋ ಕೌಂಟರ್ ಆದ್ರೆ ಸಂಜೆ ಹೊತ್ತು ಪರವಾಗಿಲ್ಲ, ಅಷ್ಟೇ.

ಈಗ ಮೇಷ್ಟ್ರ ವಿಷಯಕ್ಕೆ ಬರೋಣ, ಎಲ್ಲಾ ಒಳ್ಳೆ ಐಡಿಯಾಗಳೂ ಬಂದು ಕುಕ್ಕರಿಸೋದು ಇಲ್ಲೇ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಟೀಚರ್‌ಗಳನ್ನ ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹಾಕಬಾರದು ಅನ್ನುತ್ತೆ, ಮೂರು ವಿನಾಯ್ತಿ: ಹತ್ತು ವರ್ಷಕ್ಕೊಮ್ಮೆ ಬರೋ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ವಾಸ್ತವ ಏನು ಅಂತ ಟೀಚರ್ ಇರೋ ಮನೆಯವರಿಗೆಲ್ಲ ಗೊತ್ತು. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಹಾಕಿದ್ದು ಶಾಲಾ ಶಿಕ್ಷಕರನ್ನೇ, ಅದು ಹೇಳಿದ ದಿನಕ್ಕೆ ಮುಗೀಲಿಲ್ಲ ಅಂತ ದಸರಾ ರಜೆನೇ ಅಕ್ಟೋಬರ್ 18ರ ತನಕ ವಿಸ್ತರಿಸಿದ್ರು. ಸಮೀಕ್ಷೆ ಬೇಕೋ ಬೇಡ್ವೋ ಅನ್ನೋದು ಬೇರೆ ಚರ್ಚೆ, ಆದ್ರೆ ಊರಲ್ಲಿ ಸರ್ಕಾರಕ್ಕೆ ಕೈಗೆ ಸಿಗೋ ಓದಿದ ವ್ಯಕ್ತಿ ಮೇಷ್ಟ್ರು ಒಬ್ಬರೇ ಅನ್ನೋ ಹಾಗೆ ವ್ಯವಸ್ಥೆ ನಡೀತಿರೋವಾಗ, ಶಾಲೆಯನ್ನ ಸೇವಾ ಕೇಂದ್ರ ಮಾಡೋಣ ಅಂದ್ರೆ ಅವರ ಕಿವಿಗೆ ಕೇಳಿಸೋದು ಇನ್ನೊಂದು ರಿಜಿಸ್ಟರ್ ಅಂತಾನೇ. ಒಬ್ಬರೇ ಟೀಚರ್ ಇರೋ ಕಿರಿಯ ಪ್ರಾಥಮಿಕ ಶಾಲೇಲಿ ಸಂಜೆ ಏಳಕ್ಕೆ ಬೀಗ ಹಾಕೋಕೆ ಯಾರು ಇರ್ತಾರೆ, ಅವರ ಬಸ್ಸು ಐದಕ್ಕೇ ಹೋಗಿರುತ್ತೆ.

ಅದಕ್ಕೇ ನಾನು ಹೇಳೋದು, ನಾಲ್ಕೂವರೆ ಆದ್ಮೇಲೆ ಕೀ ಮೇಷ್ಟ್ರ ಹತ್ರ ಇರ್ಲೇಬಾರದು. ಹಗಲು ಶಾಲೆದು ಶಾಲೆಗೆ, ಸಂಜೆದು ಪಂಚಾಯ್ತಿಗೆ, ಪಂಚಾಯ್ತಿ ಪರವಾಗಿ ಒಬ್ಬ ಸಂಬಳದ ವ್ಯಕ್ತಿ. ಲೈಬ್ರರಿ ಮೇಲ್ವಿಚಾರಕರಿಗೆ ಇನ್ನಷ್ಟು ಗೌರವಧನ ಸೇರಿಸಿ ಕೊಟ್ರೂ ಆಯ್ತು, ಬಿಸಿಯೂಟದ ಅಡುಗೆಯವರಲ್ಲಿ ಒಪ್ಪೋರು ಇದ್ರೆ ಅವರಿಗೆ ಕೂಲಿ ಕೊಟ್ರೂ ಆಯ್ತು. ಆದ್ರೆ ಕೊಡ್ಬೇಕು. ಸೇವಾ ಮನೋಭಾವ, ಸ್ವಯಂಸೇವಕರು ಅಂತ ಶುರು ಮಾಡಿದ ಸಂಜೆ ಚಟುವಟಿಕೆ ಹಬ್ಬ, ಸುಗ್ಗಿ, ಮದುವೆ ಸೀಸನ್ ಬಂದ್ ಕೂಡ್ಲೇ ನಿಲ್ಲುತ್ತೆ.

ಖರ್ಚಿನದ್ದು ಇನ್ನೊಂದು ಸೂಕ್ಷ್ಮ. 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಸರ್ಕಾರಿ ಶಾಲೆಗಳಿಗೆ ಕರೆಂಟು ನೀರು ಫ್ರೀ ಅಂತ ಘೋಷಿಸಿದ್ರು. ಒಳ್ಳೇದೇ, ಬಿಲ್ ಕಟ್ಟಕ್ಕಾಗದೆ ಕಂಪ್ಯೂಟರ್ ಮೇಲೆ ಬಟ್ಟೆ ಹೊದಿಸಿಟ್ಟ ಶಾಲೆಗಳಿದ್ವು. ಆದ್ರೆ ಅದೇ ಮೀಟರ್‌ನಿಂದ ಸಂಜೆ ಪಂಚಾಯ್ತಿ ಲೈಬ್ರರಿ, ಹೊಲಿಗೆ ತರಬೇತಿ, ವಾಲಿಬಾಲ್ ಲೈಟು ಉರಿದ್ರೆ ಅದನ್ನ ಶಾಲೆ ಬಳಕೆ ಅನ್ನೋದಾ? ನಾಳೆ ಆಡಿಟ್‌ನವರು ಕೇಳಿದ್ರೆ ಹೆಡ್‌ಮಾಸ್ಟ್ರು ಏನು ಹೇಳ್ಬೇಕು? ಸಂಜೆ ಬಳಸೋ ರೂಮುಗಳಿಗೆ ಪಂಚಾಯ್ತಿ ಹೆಸರಲ್ಲಿ ಬೇರೆ ಮೀಟರ್ ಹಾಕ್ಸೋದು ಸಣ್ಣ ಕೆಲಸ, ಆದ್ರೆ ಅದು ಆಗದಿದ್ರೆ ಮಿಕ್ಕಿದ್ದೆಲ್ಲ ಜಗಳ. ಟಾಯ್ಲೆಟ್ಟೂ ಹಾಗೇ. ಸಂಜೆ ಅರವತ್ತು ಜನ ಬಳಸಿದ ಟಾಯ್ಲೆಟ್ಟನ್ನ ಬೆಳಗ್ಗೆ ಒಂಬತ್ತೂವರೆಗೆ ಏಳನೇ ಕ್ಲಾಸಿನ ಹುಡುಗಿ ಬಳಸ್ಬೇಕು, ಆ ನಡುವೆ ಯಾರೋ ತೊಳೀಲೇಬೇಕು, ಆ ಯಾರೋ ಮಕ್ಕಳಾಗಿರಬಾರದು.

ಲಾಭದ ಕಡೆ ನೋಡಿದ್ರೆ, ಬೇರೆಯವರ ದುಡ್ಡು ಶಾಲೆಗೆ ಹರಿದು ಬರೋದು ಇದರಲ್ಲೇ. ಮತಗಟ್ಟೆ ಅಂದ್ರೆ ರ‍್ಯಾಂಪ್, ನೀರು, ಟಾಯ್ಲೆಟ್ ಇರ್ಬೇಕು ಅಂತ ಚುನಾವಣಾ ಆಯೋಗ ಕೇಳುತ್ತೆ, ಆ ನೆಪದಲ್ಲಿ ಬಂದ ರ‍್ಯಾಂಪ್ ಮೇಲೆ ವರ್ಷಪೂರ್ತಿ ವೀಲ್‌ಚೇರಿನ ಮಗು ಹತ್ತಿ ಬರುತ್ತೆ. ನರೇಗಾ ಕಾಮಗಾರೀಲಿ ನಮ್ಮ ರಾಜ್ಯದಲ್ಲಿ ಎಷ್ಟೋ ಶಾಲೆಗಳಿಗೆ ಕಾಂಪೌಂಡು, ಮೈದಾನ, ಶೌಚಾಲಯ ಆಗಿದ್ದೂ ಹೀಗೇ. ಒಡಿಶಾದಲ್ಲಿ 1999ರ ಸೂಪರ್ ಸೈಕ್ಲೋನ್ ಆದ್ಮೇಲೆ ಕಟ್ಟಿದ ಸೈಕ್ಲೋನ್ ಶೆಲ್ಟರ್‌ಗಳಲ್ಲಿ ಬಹಳಷ್ಟು ಶಾಲೆ ಆವರಣದಲ್ಲೇ ಇವೆ, ಗಾಳಿ ಇಲ್ಲದ ದಿನ ಅಲ್ಲೇ ಕ್ಲಾಸು. ವಿಪತ್ತಿನ ದುಡ್ಡಲ್ಲಿ ಗಟ್ಟಿ ಕಟ್ಟಡ ಮಕ್ಕಳಿಗೆ ಸಿಕ್ತು, ದಿನಾ ಬಳಸ್ತಿರೋದ್ರಿಂದ ಶೆಲ್ಟರ್ ಕೂಡ ಪಾಳು ಬೀಳ್ಲಿಲ್ಲ. ಕೃಷ್ಣಾ ತೀರದ ನಮ್ಮ ಊರುಗಳಿಗೆ ಎತ್ತರದ ಜಾಗದಲ್ಲಿ ಇಂಥದ್ದು ಬೇಕು, ಎರಡು ಮೂರು ವರ್ಷಕ್ಕೊಂದ್ಸಲ ಅದೇ ಜನ ಅದೇ ಒದ್ದೆ ರೂಮಲ್ಲಿ ಮಲಗೋದಕ್ಕಿಂತ.

ಇನ್ನು ಎಲ್ಲರೂ ಮೆತ್ತಗೆ ಮಾತಾಡೋ ವಿಷಯ: ಮೈದಾನ ಯಾರಿಗೆ ಕೊಡ್ಬೇಕು, ಯಾರಿಗೆ ಬೇಡ. 2013ರಲ್ಲೇ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿ ಶಾಲೆ ಆವರಣ, ಮೈದಾನವನ್ನ ಶೈಕ್ಷಣಿಕ ಉದ್ದೇಶ ಬಿಟ್ಟು ಬೇರೆದಕ್ಕೆ ಕೊಡಬಾರದು ಅಂತ ಹೇಳಿತ್ತು. 2025ರ ಅಕ್ಟೋಬರಲ್ಲಿ ಸರ್ಕಾರಿ ಜಾಗಗಳಲ್ಲಿ ಆರ್‌ಎಸ್‌ಎಸ್ ಚಟುವಟಿಕೆ ಬಗ್ಗೆ ಗಲಾಟೆ ಎದ್ದಾಗ ಈ ಸುತ್ತೋಲೆ ಮತ್ತೆ ಹೊರಗೆ ಬಂತು, ಸರ್ಕಾರ ಖಾಸಗಿ ಸಂಘಟನೆಗಳು ಸರ್ಕಾರಿ ಜಾಗ ಬಳಸೋಕೆ ಮುಂಚಿತ ಅನುಮತಿ ಬೇಕು ಅಂತ ಆದೇಶ ಮಾಡ್ತು, ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ತಡೆ ಕೊಡ್ತು. ನೀವು ಯಾವ ಕಡೆಯವರಾದ್ರೂ ಇರಿ, ಇದರಲ್ಲೊಂದು ಪಾಯಿಂಟ್ ಇದೆ. ನಿಯಮ ಮೊದಲೇ ಇಲ್ಲದಿದ್ರೆ ಪ್ರತಿ ಅನುಮತಿನೂ ರಾಜಕೀಯ ಆಗುತ್ತೆ, ಬೇಡ ಅಂದ ಹೆಡ್‌ಮಾಸ್ಟ್ರಿಗೆ ಒಂದು ಗುಂಪಿನ ಬೈಗುಳ, ಹೂಂ ಅಂದ್ರೆ ಇನ್ನೊಂದು ಗುಂಪಿಂದು, ಜೊತೆಗೆ ಮೇಲಿಂದ ನೋಟಿಸು. ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದವರು ವಾರಾಂತ್ಯದ ಕನ್ನಡ ಕ್ಲಾಸಿಗೆ ಬಹಳ ಕಡೆ ಅಲ್ಲಿನ ಶಾಲೆ ರೂಮುಗಳನ್ನೇ ಬಾಡಿಗೆಗೆ ಹಿಡೀತಾರೆ, ಕ್ಯಾಲಿಫೋರ್ನಿಯಾದಲ್ಲಂತೂ ಸಾರ್ವಜನಿಕ ಶಾಲೆ ಅಂದ್ರೆ ನಾಗರಿಕ ಕೇಂದ್ರ ಅಂತ ಕಾನೂನೇ ಇದೆ. ಅಲ್ಲಿ ಪ್ರಿನ್ಸಿಪಾಲರ ಮುಖ ನೋಡಿ ಕೇಳೋ ವ್ಯವಹಾರ ಇಲ್ಲ, ಅರ್ಜಿ ಫಾರಂ, ರೇಟ್ ಕಾರ್ಡು, ವಿಮೆ ಕಾಗದ, ಕ್ಲೀನಿಂಗ್ ಚಾರ್ಜು. ಚರ್ಚಿನವರು ಕೇಳಿದ್ರೂ ಅದೇ ಫಾರಂ, ಸ್ಕೌಟ್ಸ್ ಕೇಳಿದ್ರೂ ಅದೇ. ಬೋರಿಂಗ್ ಅನ್ಸುತ್ತೆ, ಆದ್ರೆ ಯಾರ ಕಾಲೂ ಹಿಡಿಯೋ ಹಾಗಿಲ್ಲ.

ಮಕ್ಕಳ ಸುರಕ್ಷತೆ ಬಗ್ಗೆ ಜಾಸ್ತಿ ಬಿಡಿಸಿ ಹೇಳೋ ಅಗತ್ಯ ಇಲ್ಲ. ಮಕ್ಕಳಿರೋ ಹೊತ್ತಲ್ಲಿ ಹೊರಗಿನ ದೊಡ್ಡವರು ಅದೇ ಗೇಟು, ಅದೇ ಟಾಯ್ಲೆಟ್ಟು, ಅದೇ ಕಾರಿಡಾರ್ ಬಳಸಬಾರದು, ಇಷ್ಟಕ್ಕೂ ಜಾಗ ಇಲ್ಲ ಅಂದ್ರೆ ಆ ಶಾಲೇಲಿ ಹಗಲು ಹಂಚ್ಕೊಳ್ಳೋ ಮಾತೇ ಬೇಡ, ಸಂಜೆ ಮತ್ತೆ ರಜೆಗೆ ಮಾತ್ರ. ಸಂಜೆ ಬಾಟಲಿ ಒಡೆದು ಹೋಗೋರ ಬಗ್ಗೆ ಎಲ್ಲರೂ ದೂರ್ತಾರೆ, ಆದ್ರೆ ನಾನು ಗಮನಿಸಿರೋದು, ದೀಪ ಉರಿಯೋ, ಹೆಂಗಸರು ಮಕ್ಕಳು ಓಡಾಡೋ ಮೈದಾನದಲ್ಲಿ ಅದು ಕಮ್ಮಿ, ಕತ್ತಲೆ ಬೀಗದ ಮೈದಾನದಲ್ಲೇ ಜಾಸ್ತಿ.

ಸಣ್ಣ ಶಾಲೆಗಳ ಬಗ್ಗೆ ಒಂದು ಅನುಮಾನ ಮಾತ್ರ ನನಗೆ ಉಳ್ಕೊಂಡಿದೆ. ಹದಿನೈದು ಮಕ್ಕಳಿರೋ ಶಾಲೇಲಿ ಎರಡು ರೂಮ್ ಖಾಲಿ, ಅಲ್ಲಿಗೆ ಲೈಬ್ರರಿ, ಕೂಸಿನ ಮನೆ (ಪಂಚಾಯ್ತಿಯ ಶಿಶುಪಾಲನಾ ಕೇಂದ್ರ), ಸಂಘದ ಆಫೀಸು ಬಂದ್ರೆ ಆ ಕಟ್ಟಡ ಮುಚ್ಚೋದು ಕಷ್ಟ ಆಗುತ್ತೆ, ಊರವರಿಗೂ ಇದು ನಮ್ಮದು ಅನ್ಸುತ್ತೆ, ಇದು ಒಂದು ವಾದ. ಇನ್ನೊಂದು, ಮಕ್ಕಳನ್ನ ಆರು ಕಿಲೋಮೀಟರ್ ದೂರದ ಕರ್ನಾಟಕ ಪಬ್ಲಿಕ್ ಸ್ಕೂಲ್ ಅನ್ನೋ ದೊಡ್ಡ ಸರ್ಕಾರಿ ಶಾಲೆಗೆ ಬಸ್ಸಲ್ಲಿ ಕಳ್ಸಿ, ನೋಡಿ ನಿಮ್ಮ ಶಾಲೆ ವೇಸ್ಟ್ ಆಗಿಲ್ಲ, ಸಮುದಾಯ ಕೇಂದ್ರ ಆಯ್ತಲ್ಲ ಅಂತ ಸಮಾಧಾನ ಹೇಳೋಕೂ ಇದೇ ಐಡಿಯಾ ಬಳಕೆ ಆಗ್ಬಹುದು. ಎರಡರಲ್ಲಿ ಯಾವುದಾಗುತ್ತೆ ಅನ್ನೋದು ಶಾಲೆಯ ಉಸ್ತುವಾರಿ ನೋಡೋ ಸಮಿತಿ, ಅಂದ್ರೆ ಎಸ್‌ಡಿಎಂಸಿ ಎಷ್ಟು ಗಟ್ಟಿ ಇದೆ ಅನ್ನೋದ್ರ ಮೇಲೆ ನಿಂತಿದೆ.

ಎಸ್‌ಡಿಎಂಸಿ ನಮ್ಮಲ್ಲಿ 2001ರಿಂದ ಇದೆ, ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಕೊಟ್ಟ ಶಿಫಾರಸಿನ ಮೇಲೆ ಬಂದಿದ್ದು, ಶಿಕ್ಷಣ ಹಕ್ಕು ಕಾಯ್ದೆಗಿಂತ ಎಷ್ಟೋ ಮುಂಚೆ. ಕಾಯ್ದೆ ಬಂದ್ಮೇಲೆ ಸಮಿತಿಯ ಮುಕ್ಕಾಲು ಜನ ಅಪ್ಪ-ಅಮ್ಮಂದಿರೇ ಇರ್ಬೇಕು, ಅರ್ಧ ಹೆಂಗಸರಿರ್ಬೇಕು ಅಂತ ಆಯ್ತು. ಹಾಗಾಗಿ ನಿಮ್ಮೂರಲ್ಲಿ ಇದನ್ನ ಶುರು ಮಾಡ್ಬೇಕು ಅಂದ್ರೆ ಶಾಸಕರ ಹತ್ರ ಮನವಿ ಹಿಡ್ಕೊಂಡು ಹೋಗೋ ಮೊದ್ಲು ಎಸ್‌ಡಿಎಂಸಿ ಮೀಟಿಂಗಲ್ಲಿ ಒಂದು ಠರಾವು, ಪಂಚಾಯ್ತೀಲಿ ಇನ್ನೊಂದು ಠರಾವು, ಎರಡರ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿಗೆ. ಠರಾವಲ್ಲಿ ಯಾವ ರೂಮು, ಎಷ್ಟು ಗಂಟೆಯಿಂದ ಎಷ್ಟರ ತನಕ, ಕೀ ಯಾರದ್ದು, ಮೀಟರ್ ಯಾರದ್ದು, ಟಾಯ್ಲೆಟ್ ಯಾರು ತೊಳೀತಾರೆ, ಮುರಿದದ್ದಕ್ಕೆ ಯಾರು ಕೊಡ್ತಾರೆ, ಪರೀಕ್ಷೆ ದಿನಗಳಲ್ಲಿ ಬಂದ್ ಅಂತ ಎಲ್ಲಾ ಬರ್ಕೊಳ್ಳಿ, ಒಂದು ಪುಟ ಸಾಕು. ಒಂದೇ ರೂಮಿಂದ ಶುರು ಮಾಡಿ, ಲೈಬ್ರರಿ ಆದ್ರೆ ಇನ್ನೂ ಒಳ್ಳೇದು, ಒಂದು ವರ್ಷ ನಡೆದ್ಮೇಲೆ ಎರಡನೇದು ಯೋಚಿಸಿ.

ಅದಕ್ಕೂ ಮುಂಚೆ ಶಾಲೆ ಜಾಗದ ಖಾತೆ ಯಾರ ಹೆಸರಲ್ಲಿದೆ ಅಂತ ಒಂದ್ಸಲ ತೆಗೆಸಿ ನೋಡಿ. ಅಜ್ಜನ ಕಾಲದಲ್ಲಿ ಯಾರೋ ಬಾಯಿಮಾತಲ್ಲಿ ದಾನ ಕೊಟ್ಟು, ಇಲಾಖೆ ಹೆಸರಿಗೆ ಇನ್ನೂ ನೋಂದಣಿನೇ ಆಗದ ಶಾಲೆ ಜಾಗಗಳು ನಮ್ಮ ರಾಜ್ಯದಲ್ಲಿ ಸಾವಿರಗಟ್ಟಲೆ ಇವೆ, ಸಂಜೆ ಜನ ಬರೋಕೆ ಶುರುವಾಗಿ ಜಾಗಕ್ಕೆ ಬೆಲೆ ಬಂದಾಗ್ಲೇ ಮೊಮ್ಮಕ್ಕಳಿಗೆ ಅದು ನೆನಪಾಗೋದು.